ಅಕ್ಕನೇ ಹೋಗಿ ತಂಗಿ ಮೇಲೆ ಸರ್ಕಾರಕ್ಕೆ ಹೇಳಿದಳು: ಮಿಟ್‌ಫರ್ಡ್ ಸೋದರಿಯರ ಬಗ್ಗೆ ಏನಂತೀರಿ?

ಹಿತ್ತಲಮನೆ
ಇಂಗ್ಲೆಂಡಿನ ಮಿಟ್‌ಫರ್ಡ್ ಅಕ್ಕತಂಗಿಯರ ಬಗ್ಗೆ ಓದ್ತಾ ಇದ್ದೆ. ಒಂದು ವಿಷಯ ತಲೆ ಕೊರೀತಾ ಇದೆ, ಅದಕ್ಕೇ ಇಲ್ಲಿ ಹಾಕ್ತಿದೀನಿ.

ಗೊತ್ತಿಲ್ಲದವರಿಗೆ ಚುಟುಕಾಗಿ: ಆಕ್ಸ್‌ಫರ್ಡ್‌ಶೈರ್ ಕಡೆಯ ಲಾರ್ಡ್ ರೀಡ್ಸ್‌ಡೇಲ್ ಅನ್ನೋ ಜಮೀನ್ದಾರನಿಗೆ ಆರು ಹೆಣ್ಣು, ಒಂದು ಗಂಡು. ಹಿರಿಯಳು ನ್ಯಾನ್ಸಿ (1904), ಕಾದಂಬರಿಕಾರ್ತಿ. ಆಮೇಲೆ ಪಮೇಲಾ, ಟಾಮ್. ನಾಲ್ಕನೆಯವಳು ಡಯಾನಾ, ಮಹಾ ಸುಂದರಿ. ಬಿಯರಿನ ಗಿನ್ನೆಸ್ ಮನೆತನದ ಗಂಡನನ್ನು ಬಿಟ್ಟು ಬ್ರಿಟಿಷ್ ಫ್ಯಾಸಿಸ್ಟರ ನಾಯಕ ಓಸ್ವಾಲ್ಡ್ ಮೋಸ್ಲಿ ಹಿಂದೆ ಹೋದಳು. ಅವರ ಮದುವೆ ಆಗಿದ್ದು 1936ರ ಅಕ್ಟೋಬರಿನಲ್ಲಿ, ಬರ್ಲಿನ್ನಿನಲ್ಲಿ ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಮನೆಯಲ್ಲಿ, ಗುಟ್ಟಾಗಿ. ಹಿಟ್ಲರ್ ಅತಿಥಿ. ಐದನೆಯವಳು ಯೂನಿಟಿ, ಹಿಟ್ಲರನ ಹಿಂದೆ ಮ್ಯೂನಿಕ್ಕಿಗೇ ಹೋಗಿ ಕೂತವಳು. ಆರನೆಯವಳು ಜೆಸಿಕಾ, ಕಮ್ಯುನಿಸ್ಟ್. ಕೊನೆಯವಳು ಡೆಬೊರಾ, ಡ್ಯೂಕ್‌ನ ಹೆಂಡತಿ.

1940ರ ಜೂನ್‌ನಲ್ಲಿ ಫ್ರಾನ್ಸ್ ಬಿದ್ದಿದೆ, ಜರ್ಮನರು ಇಂದೋ ನಾಳೆಯೋ ಇಂಗ್ಲೆಂಡಿಗೆ ಬರ್ತಾರೆ ಅಂತ ಎಲ್ಲರಿಗೂ ಭಯ. ಆಗ ನ್ಯಾನ್ಸಿ ವಿದೇಶಾಂಗ ಕಚೇರಿಯ ಅಧಿಕಾರಿಯೊಬ್ಬನ ಹತ್ತಿರ ಹೋಗಿ, ನನ್ನ ತಂಗಿ ಡಯಾನಾ ಜರ್ಮನಿಗೆ ಎಷ್ಟು ಸಲ ಹೋಗಿ ಬಂದಿದಾಳೆ ನೋಡಿ, ಅವಳು ಅಪಾಯಕಾರಿ ಅಂತ ಹೇಳಿ ಬಂದಳು. ಅದೇ ತಿಂಗಳು 29ಕ್ಕೆ ಡಯಾನಾ ಬಂಧನ. ಮನೆಯಲ್ಲಿ ಹನ್ನೊಂದು ವಾರದ ಹಸುಗೂಸು. ವಿಚಾರಣೆ ಇಲ್ಲದೆ ಹಾಲೊವೇ ಜೈಲಿನಲ್ಲಿ ಮೂರು ವರ್ಷದ ಮೇಲೆ.

ಆಮೇಲೆ ನ್ಯಾನ್ಸಿ ಏನೂ ಆಗದವಳ ಹಾಗೆ ತಂಗಿಗೆ ಪ್ರೀತಿಯ ಕಾಗದ ಬರೀತಾ ಬಂದಳು. 1973ರಲ್ಲಿ ಕ್ಯಾನ್ಸರ್‌ನಿಂದ ಸಾಯುವಾಗ ಅವಳ ಆರೈಕೆಗೆ ಓಡಾಡಿದವಳು ಇದೇ ಡಯಾನಾ. ನ್ಯಾನ್ಸಿ ಸಾಯೋತನಕ ಬಾಯಿ ಬಿಡಲಿಲ್ಲ. ಡಯಾನಾಗೆ ವಿಷಯ ಗೊತ್ತಾಗಿದ್ದು ಅಕ್ಕ ಸತ್ತು ಎಷ್ಟೋ ವರ್ಷದ ಮೇಲೆ.

ನೀವಾಗಿದ್ರೆ ಹೇಳ್ತಿದ್ರಾ?

ಫಾರ್ಮುಲಾ ಫಣಿ
ಆ ಹಸುಗೂಸು ಯಾರು ಗೊತ್ತಾ ಗುರು? ಮ್ಯಾಕ್ಸ್ ಮೋಸ್ಲಿ! ಕಾರ್ ರೇಸುಗಳ ಜಾಗತಿಕ ಸಂಸ್ಥೆ ಎಫ್‌ಐಎ ಅಧ್ಯಕ್ಷ, 1993ರಿಂದ 2009ರವರೆಗೆ. ನಾವು ಶೂಮಾಕರ್ ರೇಸ್ ನೋಡ್ತಾ ಇದ್ದಾಗ ಇಡೀ ಎಫ್‌ವನ್ ಇವನ ಕೈಲಿತ್ತು. ಅಮ್ಮನ ಮದುವೆಗೆ ಹಿಟ್ಲರ್ ಬಂದಿದ್ದ ಅಂತ ಇವತ್ತೇ ಗೊತ್ತಾಗಿದ್ದು, ತಲೆ ಗಿರ್ ಅಂತಿದೆ.

ಧಾರವಾಡ ಪೇಡೆ
ಹೇಳ್ತಿದ್ದೆ. ಎರಡನೇ ಮಾತಿಲ್ಲ. ಹಿಟ್ಲರ್ ಕೂಡ ಕೂತು ಊಟ ಮಾಡೋ ತಂಗಿ ಇದ್ದು, ಊರ ಮ್ಯಾಲ ಬಾಂಬು ಬೀಳೋ ಹೊತ್ತಿನಾಗ ಸುಮ್ಮನ ಕೂತ್ರ ಅದಕ್ಕ ಅಕ್ಕನ ಪ್ರೀತಿ ಅಂತಾರೇನ್ರಿ? ಹೇಳಿದ್ದು ತಪ್ಪಲ್ಲ. ಹೇಳಿದ ಮ್ಯಾಲ ಮೂವತ್ತು ವರ್ಷ ನಾಟಕ ಮಾಡಿದ್ಲಲ್ಲ, ಅದು ನನಗ ಸೇರಂಗಿಲ್ಲ.

ಸುಮ್ನೆ_ನೋಡ್ತಿದೀನಿ
ನನ್ನ ಅಕ್ಕ ಆಗಿದ್ರೆ ಹಿಟ್ಲರ್ ಇಲ್ಲದೆಯೂ ಹೇಳ್ತಿದ್ಲು.

ಹಳೇಪುಸ್ತಕ
ಹಿತ್ತಲಮನೆ ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ನ್ಯಾನ್ಸಿ ಹೇಳಿದ್ದಕ್ಕೇ ಡಯಾನಾ ಜೈಲಿಗೆ ಹೋದಳು ಅನ್ನೋ ಹಾಗೆ ಓದಿಸಿಕೊಳ್ಳುತ್ತೆ, ಅದು ಸರಿಯಲ್ಲ. ಡಯಾನಾಳ ಮೊದಲ ಮಾವ ಲಾರ್ಡ್ ಮೊಯ್ನ್ ಕೂಡ ಅದೇ ತಿಂಗಳು ದೂರು ಕೊಟ್ಟಿದ್ದ. ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಗವರ್ನೆಸ್‌ಳಿಂದ ಮಾಹಿತಿ ತರಿಸಿಕೊಂಡು ಬರೆದದ್ದು. ಮೋಸ್ಲಿಯನ್ನು ಮೇ ತಿಂಗಳಲ್ಲೇ ಒಳಗೆ ಹಾಕಿದ್ದರು. ಗುಪ್ತಚರರ ಕಣ್ಣು ಅವಳ ಮೇಲೆ ಮೊದಲಿಂದಲೂ ಇತ್ತು. ನ್ಯಾನ್ಸಿ ಬಾಯಿ ಮುಚ್ಚಿಕೊಂಡಿದ್ದರೂ ಬಂಧನ ತಪ್ಪುತ್ತಿರಲಿಲ್ಲ.

ಇನ್ನೊಂದು. ಡಯಾನಾ ಜರ್ಮನಿಗೆ ಪದೇಪದೇ ಹೋಗುತ್ತಿದ್ದುದು ಬರೀ ಊಟಕ್ಕಲ್ಲ. ಮೋಸ್ಲಿ ಪಕ್ಷಕ್ಕೆ ದುಡ್ಡಿರಲಿಲ್ಲ. ಜರ್ಮನಿಯ ನೆಲದಿಂದ ಇಂಗ್ಲೆಂಡಿಗೆ ಪ್ರಸಾರ ಮಾಡುವ ಜಾಹೀರಾತಿನ ರೇಡಿಯೋ ಕೇಂದ್ರ ಹಾಕಿ ದುಡ್ಡು ಮಾಡುವುದು ಅವರ ಯೋಜನೆ. ಅದಕ್ಕೆ ಹಿಟ್ಲರ್ ಒಪ್ಪಿಗೆ ಬೇಕಿತ್ತು, ಮಾತುಕತೆ ನಡೆಸಿದವಳು ಇವಳು. ಮದುವೆ ಗುಟ್ಟಾಗಿಟ್ಟದ್ದಕ್ಕೂ ಅದೇ ಕಾರಣ. ಹೊರಗೆ ಗೊತ್ತಾದದ್ದು 1938ರಲ್ಲಿ, ಮಗು ಹುಟ್ಟಿದ ಮೇಲೆ.

ಹಿತ್ತಲಮನೆ
@ಹಳೇಪುಸ್ತಕ ಸರಿ, ಬಂಧನ ತಪ್ಪುತ್ತಿರಲಿಲ್ಲ ಅಂತಲೇ ಇಟ್ಕೊಳ್ಳಿ. ನ್ಯಾನ್ಸಿಗೆ ಅದು ಗೊತ್ತಿರಲಿಲ್ಲವಲ್ಲ? ತಾನು ಹೇಳಿದ್ರೆ ತಂಗಿ ಒಳಗೆ ಹೋಗ್ತಾಳೆ ಅಂತ ತಿಳಿದೇ ಹೇಳಿದ್ದು. ನನ್ನ ಪ್ರಶ್ನೆ ಹಾಗೇ ಉಳೀತು.

ಕಡಲತಡಿ
ಎಲ್ಲ ಸರಿ ಮಾರಾಯ್ರೆ, ಆದ್ರೆ ಈ ನ್ಯಾನ್ಸಿ ಎಂತ ಸಾಚಾ ಅಲ್ಲ. 1934ರಲ್ಲಿ ಇವಳೂ ಇವಳ ಗಂಡನೂ ಮೋಸ್ಲಿ ಸಭೆಗಳಿಗೆ ಹೋದವರೇ. ಆ ಪಕ್ಷದ ಸಮವಸ್ತ್ರ ಕರಿ ಅಂಗಿ ಕೂಡ ತಗೊಂಡಿದ್ರು. ಆಮೇಲೆ ಒಂದೇ ವರ್ಷದಲ್ಲಿ ಆ ಕರಿ ಅಂಗಿಯವರನ್ನು ಗೇಲಿ ಮಾಡಿ ಕಾದಂಬರಿ ಬರೆದದ್ದು. ಡಯಾನಾಗೆ ಸಿಟ್ಟು ಬಂದು ಅಕ್ಕತಂಗಿ ಕೆಲವು ವರ್ಷ ಸರಿಯಾಗಿ ಮಾತಾಡ್ಲಿಲ್ಲ. ಹಾಗಾಗಿ ಹೇಳಿಕೊಟ್ಟದ್ದರಲ್ಲಿ ದೇಶಪ್ರೇಮ ಎಷ್ಟು, ಹಳೇ ಹೊಟ್ಟೆಕಿಚ್ಚು ಎಷ್ಟು ಅಂತ ಯಾರಿಗೆ ಗೊತ್ತುಂಟು? ಡಯಾನಾ ಚಂದ, ದುಡ್ಡುಂಟು, ಮಕ್ಕಳುಂಟು. ನ್ಯಾನ್ಸಿಗೆ ಕುಡುಕ ಗಂಡ, ಮಕ್ಕಳಿಲ್ಲ.

ಧಾರವಾಡ ಪೇಡೆ
ಹೆಣ್ಮಕ್ಕಳು ಏನ ಮಾಡಿದ್ರೂ ಹೊಟ್ಟೆಕಿಚ್ಚು ಅನ್ನೋದು ಬಿಡ್ರಿ. ಆಕಿ ಸ್ಪೇನ್ ಯುದ್ಧದ ನಿರಾಶ್ರಿತರ ಶಿಬಿರಕ್ಕ ಹೋಗಿ ಕೆಲಸ ಮಾಡ್ಯಾಳ, 1939ರಾಗ, ಫ್ರಾನ್ಸ್ ಗಡಿ ಪೆರ್ಪಿನ್ಯಾನ್‌ದಾಗ. ಯುದ್ಧದ ಕಾಲಕ್ಕ ಲಂಡನ್ನಿನ ತಮ್ಮ ಮನಿಯೊಳಗ ಬಾಂಬಿಗೆ ಮನಿ ಕಳಕೊಂಡ ಯಹೂದಿ ಕುಟುಂಬಗಳನ್ನ ನೋಡ್ಕೊಂಡಾಳ. ಅವ್ವಗ ಅದು ಸೇರಲಿಲ್ಲ. ಫ್ಯಾಸಿಸಂ ಏನು ಅಂತ ಕಣ್ಣಾರೆ ನೋಡಿ ಬುದ್ಧಿ ಕಲ್ತಾಕಿ ಆಕಿ.

ಕಡಲತಡಿ
ಸರಿ ಸರಿ, ಕಾದಂಬರಿಕಾರ್ತಿ ಅಂದ ಕೂಡ್ಲೇ ಪೂಜೆ ಮಾಡುದು ಬೇಡ ಅಂದದ್ದು ಅಷ್ಟೇ.

ರಂಗಣ್ಣ ಮೇಷ್ಟ್ರು
ಮಕ್ಕಳೇ, ಒಂದು ವಿಷಯ ಯಾರೂ ಹೇಳಲಿಲ್ಲ. ಈ ಮೋಸ್ಲಿಯ ಮೊದಲ ಹೆಂಡತಿ ಸಿಂಥಿಯಾ, ನಮ್ಮ ಲಾರ್ಡ್ ಕರ್ಜನ್ನನ ಮಗಳು! 1905ರಲ್ಲಿ ಬಂಗಾಳ ಒಡೆದ ಅದೇ ವೈಸ್‌ರಾಯ್. 1902ರ ಆಗಸ್ಟಿನಲ್ಲಿ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಆಡಳಿತಾಧಿಕಾರ ವಹಿಸಿಕೊಟ್ಟವನೂ ಅವನೇ. ಆ ಕರ್ಜನ್ನನಿಗೆ ಮೂವರು ಹೆಣ್ಣುಮಕ್ಕಳು: ಐರೀನ್, ಸಿಂಥಿಯಾ, ಅಲೆಕ್ಸಾಂಡ್ರಾ. ಕೊನೆಯವಳ ನಡುಹೆಸರು ನಾಲ್‌ಡೇರಾ, ಶಿಮ್ಲಾ ಹತ್ತಿರದ ಜಾಗದ ಹೆಸರು. ಸಿಂಥಿಯಾ ಮದುವೆಗೆ ರಾಜ ಐದನೇ ಜಾರ್ಜ್ ಬಂದಿದ್ದ. ಆಮೇಲೆ ಗಂಡ ಹೆಂಡತಿ ಇಬ್ಬರೂ ಲೇಬರ್ ಪಕ್ಷ ಸೇರಿದರು, 1929ರಲ್ಲಿ ಆಕೆ ಸಂಸತ್ತಿಗೂ ಗೆದ್ದಳು. 1933ರಲ್ಲಿ ಪೆರಿಟೊನೈಟಿಸ್ (ಹೊಟ್ಟೆಯೊಳಗಿನ ಪೊರೆಯ ಸೋಂಕು) ಆಗಿ ತೀರಿಕೊಂಡಳು, ಇನ್ನೂ ಮೂವತ್ತೈದು ತುಂಬಿರಲಿಲ್ಲ. ಅಷ್ಟರಲ್ಲಾಗಲೇ ಡಯಾನಾ ಗಂಡನ ಮನೆ ಬಿಟ್ಟು ಮೋಸ್ಲಿಗಾಗಿ ಬೇರೆ ಮನೆ ಮಾಡಿದ್ದಳು.

ಫಾರ್ಮುಲಾ ಫಣಿ
ಮೇಷ್ಟ್ರೇ, ಹೆಂಡತಿ ಸತ್ತ ಮೇಲೆ ನಾದಿನಿ ಅಲೆಕ್ಸಾಂಡ್ರಾ ಜೊತೆಗೂ ಇವನ ಸಂಬಂಧ ಇತ್ತಂತಲ್ಲ? ಡಯಾನಾ ಇರುವಾಗಲೇ. ಇವನೊಳಗೆ ಏನು ಕಂಡ್ರೋ ಎಲ್ಲರೂ.

ರಂಗಣ್ಣ ಮೇಷ್ಟ್ರು
ಇತ್ತು. ಅದನ್ನು ನಾನು ಬರೆಯಬಾರದು ಅಂತ ಬಿಟ್ಟಿದ್ದೆ, ನೀನು ಬರೆದೆ.

ಮೂರನೇ ಮಗಳು
ನಮ್ಮ ಮನೇಲಿ ನಾಲ್ವರು ಹೆಣ್ಣುಮಕ್ಕಳು. ದೊಡ್ಡಕ್ಕ, ಚಿಕ್ಕಕ್ಕ ಇಬ್ಬರೂ ವಾಟ್ಸಾಪ್‌ನಲ್ಲಿ ರಾಜಕೀಯಕ್ಕೆ ಕಿತ್ತಾಡಿ ಕಳೆದ ಚುನಾವಣೆಯಿಂದ ಮಾತಿಲ್ಲ. ಯುಗಾದಿಗೆ ಒಬ್ಬಳು ಬೆಳಿಗ್ಗೆ ಬರ್ತಾಳೆ, ಇನ್ನೊಬ್ಬಳು ಸಂಜೆ. ಅಮ್ಮ ಎರಡು ಸಲ ಹೋಳಿಗೆ ಬಿಸಿ ಮಾಡ್ತಾಳೆ. ಹಾಗಾಗಿ ನನಗೆ ಜೆಸಿಕಾ ಮತ್ತು ಯೂನಿಟಿ ಕತೆಯೇ ಹೆಚ್ಚು ನಾಟೋದು. ಒಂದೇ ಕೋಣೆ ಹಂಚಿಕೊಂಡ ಹುಡುಗಿಯರು. ಒಬ್ಬಳ ಗೋಡೆಯ ಮೇಲೆ ಹಿಟ್ಲರ್, ಇನ್ನೊಬ್ಬಳ ಕಡೆ ಲೆನಿನ್. ಕಿಟಕಿ ಗಾಜಿನ ಮೇಲೆ ವಜ್ರದುಂಗುರದಿಂದ ಒಬ್ಬಳು ಸ್ವಸ್ತಿಕ ಗೀಚಿದರೆ ಇನ್ನೊಬ್ಬಳು ಕತ್ತಿ ಸುತ್ತಿಗೆ ಗೀಚಿದಳಂತೆ. ಇಬ್ಬರಿಗೇ ಅರ್ಥವಾಗೋ ಗುಟ್ಟಿನ ಭಾಷೆ ಬೇರೆ ಮಾಡ್ಕೊಂಡಿದ್ರು. ಯೂನಿಟಿ ನಾಜಿ ಆದಮೇಲೂ ಅವಳ ಮೇಲಿನ ಪ್ರೀತಿ ಹೋಗಲಿಲ್ಲ ಅಂತ ಜೆಸಿಕಾ ಕೊನೆತನಕ ಹೇಳಿದಳು. ಡಯಾನಾಳನ್ನು ಮಾತ್ರ ಕ್ಷಮಿಸಲಿಲ್ಲ. ಯಾಕೆ ಈ ಭೇದ?

ಕೆಂಪುದಾಸವಾಳ
@ಮೂರನೇ ಮಗಳು ಯಾಕೆಂದರೆ ಯೂನಿಟಿ ತಲೆಗೆ ಗುಂಡು ಹೊಡ್ಕೊಂಡಳು. ಡಯಾನಾ ನೆಮ್ಮದಿಯಾಗಿ ಪ್ಯಾರಿಸ್ ಹತ್ತಿರದ ಬಂಗಲೆಯಲ್ಲಿ, ಕೊನೆಗೆ ಪ್ಯಾರಿಸ್‌ನಲ್ಲೇ, ತೊಂಬತ್ತಮೂರರ ತನಕ ಬದುಕಿದಳು, ಹಿಟ್ಲರ್ ಬಗ್ಗೆ ಒಂದು ಸಲವೂ ಸರಿಯಾಗಿ ನಾಚಿಕೆ ಪಡದೆ. ಜೆಸಿಕಾ ಕಳಕೊಂಡದ್ದು ಏನು ಅಂತ ನೋಡಿ. 1937ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಚರ್ಚಿಲ್ ಹೆಂಡತಿಯ ತಂಗಿಯ ಮಗ ಎಸ್ಮಂಡ್ ರೊಮಿಲಿ ಜೊತೆ ಸ್ಪೇನಿಗೆ ಓಡಿಹೋದಳು. ಮೊದಲ ಮಗು ದಡಾರಕ್ಕೆ ಹೋಯಿತು. ಎಸ್ಮಂಡ್ ಕೆನಡಾ ವಾಯುಪಡೆ ಸೇರಿ 1941ರ ನವೆಂಬರಿನಲ್ಲಿ ಉತ್ತರ ಸಮುದ್ರದ ಮೇಲೆ ಕಾಣೆಯಾದ. ಅವಳು ಅಮೆರಿಕದಲ್ಲಿ ಒಂದು ಮಗು ಕಟ್ಟಿಕೊಂಡು ಒಬ್ಬಳೇ. ಅದೇ ಹೊತ್ತಿಗೆ ಹಾಲೊವೇ ಜೈಲಿನಲ್ಲಿ ಡಯಾನಾ ಜೊತೆ ಇರೋಕೆ ಮೋಸ್ಲಿಯನ್ನೂ ಕರೆತಂದು, ಜೈಲಿನ ಆವರಣದಲ್ಲೇ ಪುಟ್ಟ ಮನೆ ಕೊಟ್ಟು, ಕೆಲಸಕ್ಕೆ ಬೇರೆ ಕೈದಿಗಳನ್ನು ಒದಗಿಸಿದ್ರು. ಚರ್ಚಿಲ್ ಕೃಪೆ! 1943ರ ನವೆಂಬರಿನಲ್ಲಿ ಮೋಸ್ಲಿ ಕಾಲಿನ ರಕ್ತನಾಳದ ಕಾಯಿಲೆ ಅಂತ ಇಬ್ಬರನ್ನೂ ಬಿಟ್ಟಾಗ ಜೆಸಿಕಾ ಚರ್ಚಿಲ್‌ಗೆ ಬಹಿರಂಗ ಪತ್ರ ಬರೆದಳು, ಅವರನ್ನು ಜೈಲಿನಲ್ಲೇ ಇಡಿ ಅಂತ. ನನ್ನ ಪ್ರಕಾರ ಈ ಮನೆಯಲ್ಲಿ ಮಾತಿಗೆ ಬೆಲೆ ತೆತ್ತವಳು ಅವಳೊಬ್ಬಳೇ.

ಹಿತ್ತಲಮನೆ
@ಕೆಂಪುದಾಸವಾಳ ನೀವು 1943 ಅಂದಕೂಡಲೇ ನನಗೆ ಈಸೂರು ನೆನಪಾಯ್ತು. ನಮ್ಮ ಸೀಮೆ. ಆ ವರ್ಷದ ಮಾರ್ಚಿನಲ್ಲಿ ಈಸೂರಿನ ಐವರು ಸ್ವಾತಂತ್ರ್ಯ ಹೋರಾಟಗಾರರನ್ನು ಗಲ್ಲಿಗೇರಿಸಿದರು. ಎಂಟು ತಿಂಗಳಿಗೆ ಹಿಟ್ಲರನ ಗೆಳೆಯನಿಗೆ ಕಾಲುನೋವು ಅಂತ ಬಿಡುಗಡೆ.

ಹಳೇಪುಸ್ತಕ
ಹೋಲಿಕೆ ಸರಿ ಕೂರುವುದಿಲ್ಲ. ಈಸೂರಿನದು ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಕೊಲೆ ಮೊಕದ್ದಮೆ. ಮೈಸೂರು ಸಂಸ್ಥಾನದ ನ್ಯಾಯಾಲಯದಲ್ಲಿ ವಿಚಾರಣೆ ಆಗಿ ಆದ ಶಿಕ್ಷೆ. ಮೋಸ್ಲಿಯದು ಬ್ರಿಟನ್ನಿನ ಯುದ್ಧಕಾಲದ 18ಬಿ ನಿಯಮದಡಿ ವಿಚಾರಣೆಯೇ ಇಲ್ಲದ ಸ್ಥಾನಬದ್ಧತೆ. ಹೋಲಿಸಲೇಬೇಕಿದ್ದರೆ ಭಾರತ ರಕ್ಷಣಾ ನಿಯಮಗಳ ಅಡಿ 1942ರಲ್ಲಿ ಇಲ್ಲಿ ಒಳಗೆ ಹಾಕಿದ ಸಾವಿರಾರು ಜನರ ಜೊತೆ ಹೋಲಿಸಿ. ಅವರಿಗೂ ವಿಚಾರಣೆ ಇರಲಿಲ್ಲ.

ಧಾರವಾಡ ಪೇಡೆ
ಮತ್ತ ಅವರಿಗೆ ತ್ವಾಟದಾಗ ಮನಿ, ಅಡಗಿ ಮಾಡಾಕ ಆಳು ಕೊಟ್ಟಿದ್ರೇನ್ರಿ? ಹಿಂಡಲಗಾ ಜೈಲಿನಾಗ? ಹಿತ್ತಲಮನಿಯವರು ಹೇಳಿದ್ದು ಕಾನೂನಿನ ಕಲಮು ಅಲ್ಲ.

ರಂಗಣ್ಣ ಮೇಷ್ಟ್ರು
ಕೆಂಪುದಾಸವಾಳ, ಜೆಸಿಕಾ ಬಗ್ಗೆ ಅಷ್ಟೊಂದು ಭಾವುಕರಾಗಬೇಡಿ. ಅವಳು ಕಮ್ಯುನಿಸ್ಟ್ ಪಕ್ಷದಲ್ಲಿ ಇದ್ದದ್ದು 1944ರಿಂದ 1958ರವರೆಗೆ. ಅದರಲ್ಲಿ ಬಹುಪಾಲು ಸ್ಟಾಲಿನ್ ಬದುಕಿದ್ದ ಕಾಲ. 1956ರಲ್ಲಿ ಸೋವಿಯತ್ ಸೇನೆ ಹಂಗೆರಿಯಲ್ಲಿ ಟ್ಯಾಂಕು ಹರಿಸಿದಾಗ ಎಷ್ಟೋ ಜನ ಬಿಟ್ಟರು, ಇವಳು ಬಿಡಲಿಲ್ಲ. ಒಬ್ಬಳು ಹಿಟ್ಲರ್ ಕಡೆ, ಒಬ್ಬಳು ಸ್ಟಾಲಿನ್ ಕಡೆ. ಎರಡೂ ಅತಿರೇಕವೇ.

ಕೆಂಪುದಾಸವಾಳ
ಬಂತು ನೋಡಿ, ಎರಡೂ ಒಂದೇ ಅನ್ನೋ ಮಾತು! ಮೇಷ್ಟ್ರೇ, ದಿನದಿನಕ್ಕೆ ಏನು ಮಾಡಿದರು ಅಂತ ನೋಡಿ. ಯೂನಿಟಿ 1935ರಲ್ಲಿ ನಾಜಿಗಳ ಯಹೂದಿದ್ವೇಷದ ಪತ್ರಿಕೆಗೆ ಕಾಗದ ಬರೆದು, ನಾನು ಯಹೂದಿದ್ವೇಷಿ ಅಂತ ಎಲ್ಲರಿಗೂ ಗೊತ್ತಾಗಲಿ ಅಂದಳು, ಹೆಸರು ಪೂರ್ತಿ ಹಾಕಿ ಅಂತ ಒತ್ತಾಯ ಮಾಡಿ. 1939ರಲ್ಲಿ ಅವಳಿಗೆ ಮ್ಯೂನಿಕ್‌ನಲ್ಲಿ ಸಿಕ್ಕ ಮನೆ ಯಹೂದಿ ದಂಪತಿಯನ್ನು ಎಬ್ಬಿಸಿ ಕೊಟ್ಟದ್ದು.

ಜೆಸಿಕಾ? ಅಮೆರಿಕದ ಓಕ್ಲೆಂಡಿನಲ್ಲಿ ಕರಿಯರಿಗೆ ಮನೆ ಕೊಡದ ಬಡಾವಣೆಗಳ ವಿರುದ್ಧ, ಪೊಲೀಸರ ಹೊಡೆತದ ವಿರುದ್ಧ ಕೆಲಸ ಮಾಡಿದಳು. 1951ರಲ್ಲಿ ವಿಲ್ಲಿ ಮೆಕ್‌ಗೀ ಎಂಬ ಕರಿಯನ ಮರಣದಂಡನೆ ತಪ್ಪಿಸೋಕೆ ಮಿಸಿಸಿಪ್ಪಿಗೆ ಹೋದಳು. 1961ರಲ್ಲಿ ಮಾಂಟ್‌ಗೊಮೆರಿಯ ಚರ್ಚಿನೊಳಗೆ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಸಾವಿರಕ್ಕೂ ಹೆಚ್ಚು ಜನರ ಜೊತೆ ರಾತ್ರಿಯಿಡೀ ಸಿಕ್ಕಿಹಾಕಿಕೊಂಡಿದ್ದಳು. ಹೊರಗೆ ಬಿಳಿಯರ ಗುಂಪು. ಅವಳು ಎರವಲು ತಂದಿದ್ದ ಕಾರಿಗೆ ಬೆಂಕಿ ಬಿತ್ತು. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕ್ತೀರಾ?

ರಂಗಣ್ಣ ಮೇಷ್ಟ್ರು
ಅಮೆರಿಕದಲ್ಲಿ ಕೂತು ಕಮ್ಯುನಿಸ್ಟ್ ಆಗುವುದು ಸುಲಭ. ಹಂಗೆರಿಯಲ್ಲಿ ಕೂತು ಆಗಲಿ ನೋಡೋಣ. ಅವಳು ಮಾಡಿದ ಒಳ್ಳೆಯ ಕೆಲಸ ಒಪ್ಪಿದೆ. ಪಕ್ಷ ಮಾಡಿದ್ದಕ್ಕೆ ಅವಳು ಕಣ್ಣು ಮುಚ್ಚಿದ್ದನ್ನೂ ನೀವು ಒಪ್ಪಬೇಕು.

ಕೆಂಪುದಾಸವಾಳ
ಸುಲಭವಾ? ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ತನಿಖಾ ಸಮಿತಿಯ ಸಮನ್ಸ್, ಎಫ್‌ಬಿಐ ಹಿಂಬಾಲಿಕೆ, ಪಾಸ್‌ಪೋರ್ಟ್ ನಿರಾಕರಣೆ. ಸುಲಭ ಅಂತೆ.

ಅಡ್ಮಿನ್
ಮಧ್ಯೆ ಎರಡು ಕಮೆಂಟ್ ತೆಗೆದಿದ್ದೇನೆ. ನಮ್ಮ ರಾಜ್ಯದ ಪಕ್ಷಗಳ ಹೆಸರು ಇಲ್ಲಿ ಬೇಡ. ಮೋಸ್ಲಿ ಪಕ್ಷ ಎಷ್ಟು ಬೇಕಾದರೂ ಬಯ್ಯಿರಿ.

ಕಡಲತಡಿ
ಯೂನಿಟಿಗೆ ಹಿಟ್ಲರನ ಮಗು ಇತ್ತು ಅಂತ ಒಂದು ಸುದ್ದಿ ಬಂದಿತ್ತಲ್ಲ, ಅದು ಹೌದಾ?

ಹಳೇಪುಸ್ತಕ
ಪುರಾವೆ ಇಲ್ಲದ ಗಾಳಿಸುದ್ದಿ. ನಿಜ ಇಷ್ಟು: ಮ್ಯೂನಿಕ್‌ನಲ್ಲಿ ಹಿಟ್ಲರ್ ಊಟಕ್ಕೆ ಬರುತ್ತಿದ್ದ ಓಸ್ಟೀರಿಯಾ ಬವಾರಿಯಾ ಹೋಟೆಲಿನಲ್ಲಿ ತಿಂಗಳುಗಟ್ಟಲೆ ಕಾದು ಕೂತು, 1935ರ ಫೆಬ್ರವರಿಯಲ್ಲಿ ಅವನೇ ಮೇಜಿಗೆ ಕರೆಯುವ ಹಾಗೆ ಮಾಡಿಕೊಂಡಳು. ಆಮೇಲೆ ನಾಲ್ಕೂವರೆ ವರ್ಷದಲ್ಲಿ ನೂರಕ್ಕೂ ಹೆಚ್ಚು ಸಲ ಭೇಟಿ. 1939ರ ಸೆಪ್ಟೆಂಬರ್ 3, ಬ್ರಿಟನ್ ಯುದ್ಧ ಸಾರಿದ ದಿನ, ಮ್ಯೂನಿಕ್‌ನ ಇಂಗ್ಲಿಷ್ ಗಾರ್ಡನ್ ಎಂಬ ಉದ್ಯಾನದಲ್ಲಿ ಪಿಸ್ತೂಲಿನಿಂದ ತಲೆಗೆ ಹೊಡೆದುಕೊಂಡಳು. ಸಾಯಲಿಲ್ಲ. ಗುಂಡು ಹೊರಗೆ ತೆಗೆಯಲು ಆಗಲಿಲ್ಲ. ಆಸ್ಪತ್ರೆ ಖರ್ಚು ಹಿಟ್ಲರನದು. ಸ್ವಿಟ್ಜರ್ಲೆಂಡಿಗೆ ಕಳಿಸಿದ, ಅಲ್ಲಿಂದ ತಾಯಿ ಮತ್ತು ಡೆಬೊರಾ 1940ರ ಜನವರಿಯಲ್ಲಿ ಮನೆಗೆ ತಂದರು. ಬುದ್ಧಿ ಮಗುವಿನ ಹಾಗೆ ಆಗಿತ್ತು. ಎಂಟು ವರ್ಷ ತಾಯಿ ನೋಡಿಕೊಂಡಳು. 1948ರಲ್ಲಿ ಆ ಗುಂಡಿನ ಗಾಯದಿಂದಲೇ ಮೆದುಳಿನ ಪೊರೆಗೆ ಸೋಂಕು ತಗುಲಿ ಸ್ಕಾಟ್‌ಲೆಂಡಿನಲ್ಲಿ ಸತ್ತಳು.

ಹೆಸರು ಯೂನಿಟಿ ವಾಲ್ಕಿರಿ. ವಾಲ್ಕಿರಿ ಅಂದರೆ ಉತ್ತರ ಯುರೋಪಿನ ಪುರಾಣದ ರಣಕನ್ಯೆ. ಹುಟ್ಟುವ ಮುಂಚೆ ತಂದೆತಾಯಿ ಕೆನಡಾದಲ್ಲಿ ಚಿನ್ನ ಹುಡುಕಲು ಹೋಗಿದ್ದ ಊರಿನ ಹೆಸರು ಸ್ವಸ್ತಿಕ. ಕಟ್ಟುಕತೆ ಅನ್ನಿಸುತ್ತೆ, ಆದರೆ ಆಂಟೇರಿಯೊದಲ್ಲಿ ಇವತ್ತಿಗೂ ಆ ಊರಿದೆ.

ಸುಮ್ನೆ_ನೋಡ್ತಿದೀನಿ
ಇದನ್ನ ಧಾರಾವಾಹಿ ಮಾಡಿದ್ರೆ ಅತಿಯಾಯ್ತು ಅಂತ ಚಾನೆಲ್ ಬದಲಾಯಿಸ್ತೀವಿ.

ಮೂರನೇ ಮಗಳು
ನನಗೆ ಅರ್ಥ ಆಗದ್ದು, ಒಂದೇ ಅಪ್ಪ ಅಮ್ಮ, ಒಂದೇ ಅನ್ನ, ಹೀಗೆ ಹೇಗೆ ಒಡೆದು ಹೋದ್ರು ಅಂತ. ಅಪ್ಪನ ಬಗ್ಗೆ ಓದಿದ್ರೆ ನಗುವೇ ಬರುತ್ತೆ. ಮೊದಲ ಮಹಾಯುದ್ಧದಲ್ಲಿ ಜರ್ಮನರನ್ನು ಕೊಂದ ಗುದ್ದಲಿಯನ್ನು ಗೋಡೆಗೆ ನೇತು ಹಾಕಿದ್ದ. ಬೇಟೆನಾಯಿ ಬಿಟ್ಟು ಸ್ವಂತ ಮಕ್ಕಳನ್ನೇ ಹೊಲದಲ್ಲಿ ಆಟಕ್ಕೆ ಅಟ್ಟಿಸಿಕೊಂಡು ಹೋಗ್ತಿದ್ದ. ಜರ್ಮನರನ್ನು ಕಂಡ್ರೆ ಆಗದ ಮನುಷ್ಯ, ಮೂವತ್ತರ ದಶಕದಲ್ಲಿ ಹಿಟ್ಲರನನ್ನು ಭೇಟಿ ಮಾಡಿ ಬಂದ.

ಹಿತ್ತಲಮನೆ
ನನಗನ್ನಿಸೋದು ಶಾಲೆ. ಟಾಮ್‌ನನ್ನು ಈಟನ್‌ಗೆ ಕಳಿಸಿದರು. ಹುಡುಗಿಯರಿಗೆ ಗವರ್ನೆಸ್‌ಗಳು, ಬರೋರು ಹೋಗೋರು. ಜೆಸಿಕಾ ನನ್ನನ್ನು ಶಾಲೆಗೆ ಕಳಿಸಿ ಅಂತ ಎಷ್ಟು ಬೇಡಿಕೊಂಡರೂ ಅಮ್ಮ ಬಿಡಲಿಲ್ಲ. ಅದಕ್ಕೇ ಬ್ಯಾಂಕಿನಲ್ಲಿ ‘ಓಡಿಹೋಗೋ ಖಾತೆ’ ತೆಗೆದಿದ್ದಳು, ಚಿಕ್ಕ ಹುಡುಗಿ! ಇಡೀ ದಿನ ಮನೇಲಿ ಕೂರಿಸಿದ್ರೆ, ಬುದ್ಧಿವಂತ ಹುಡುಗಿಯರಿಗೆ ಹೊರಗಿನ ದೊಡ್ಡ ಗಲಾಟೆ ಯಾವುದಾದರೂ ಸಾಕು. ಒಬ್ಬಳಿಗೆ ಆ ಬಾಗಿಲು, ಒಬ್ಬಳಿಗೆ ಈ ಬಾಗಿಲು.

ಹಳೇಪುಸ್ತಕ
ಬಾಗಿಲು ಮೊದಲೇ ತೆರೆದಿತ್ತು. ಅಜ್ಜ, ಮೊದಲ ಲಾರ್ಡ್ ರೀಡ್ಸ್‌ಡೇಲ್, ಹೂಸ್ಟನ್ ಸ್ಟೂವರ್ಟ್ ಚೇಂಬರ್ಲೇನ್ ಎಂಬ ಜನಾಂಗವಾದಿಯ ಗೆಳೆಯ. ನಾಜಿಗಳು ತಲೆಮೇಲೆ ಹೊತ್ತುಕೊಂಡ ಅವನ ಮುಖ್ಯ ಪುಸ್ತಕ ಇಂಗ್ಲಿಷಿಗೆ ಬಂದಾಗ ಮುನ್ನುಡಿ ಬರೆದವನು ಈ ಅಜ್ಜ. ವಾಗ್ನರ್ ಸಂಗೀತದ ಹುಚ್ಚು ಬೇರೆ. ಶಾಲೆ ಇಲ್ಲದ್ದು ಒಂದು ಕಾರಣ ಇರಬಹುದು. ಆದರೆ ಈಟನ್‌ನಲ್ಲಿ ಓದಿದ ಟಾಮ್ ಏನಾದ? ಜರ್ಮನರ ವಿರುದ್ಧ ಹೋರಾಡುವುದಿಲ್ಲ ಅಂತ ಹೇಳಿ ಬರ್ಮಾಕ್ಕೆ ಹಾಕಿಸಿಕೊಂಡ. 1945ರ ಮಾರ್ಚಿನಲ್ಲಿ ಅಲ್ಲೇ ಜಪಾನಿಯರ ಗುಂಡಿಗೆ ಬಿದ್ದ.

ಧಾರವಾಡ ಪೇಡೆ
ಮತ್ತ ಆ ಕಾಲಕ್ಕ ದೊಡ್ಡಮನಿ ಮಂದಿಗೆ ಫ್ಯಾಸಿಸಂ ಅಂದ್ರ ಹೊಲಸು ಅನ್ನಿಸ್ತಿರಲಿಲ್ಲ ನೋಡ್ರಿ. 1934ರಾಗ ಲಂಡನ್ನಿನ ದೊಡ್ಡ ಪತ್ರಿಕೆನ ಕರಿ ಅಂಗಿಯವರಿಗೆ ಜೈ ಅಂತ ಬರದಿತ್ತು. ಕೂಲಿಕಾರರು ಸಂಘ ಕಟ್ಟಿ ಆಸ್ತಿ ಕಸ್ಕೋತಾರ ಅನ್ನೋ ಹೆದರಿಕಿ ಇತ್ತಲ್ಲ, ಅದು ದೊಡ್ಡದು. ಮೋಸ್ಲಿ ಬಡವರ ಓಣಿಯೊಳಗ ಮೆರವಣಿಗಿ ತಗೀಬೇಕಂತ ಹ್ವಾದಾಗ ತಡದವರು ಯಾರು? ಲಂಡನ್ನಿನ ಕೇಬಲ್ ಸ್ಟ್ರೀಟ್‌ನ ಯಹೂದಿ ದರ್ಜಿಗಳು, ಐರಿಶ್ ಹಮಾಲರು, ಕಮ್ಯುನಿಸ್ಟರು. 1936ರ ಅಕ್ಟೋಬರ್ 4. ಅಲ್ಲಿ ಪೆಟ್ಟು ತಿಂದು ಎರಡ ದಿನಕ್ಕ ಬರ್ಲಿನ್ನಿಗೆ ಹೋಗಿ ಮದಲಿಂಗ ಆಗ್ಯಾನ!

ಫಾರ್ಮುಲಾ ಫಣಿ
ಎರಡು ದಿನಕ್ಕಾ?? ಸಕ್ಕತ್.

ಡರ್ಬಿಶೈರ್‌ನಿಂದ
ಡೆಬೊರಾ ಬಗ್ಗೆ ಯಾರೂ ಮಾತಾಡ್ತಿಲ್ಲ, ಅದಕ್ಕೇ ಬಂದೆ. ನಾನಿರೋದು ಚಾಟ್ಸ್‌ವರ್ತ್ ಅರಮನೆಗೆ ಹತ್ತಿರ. ಊರಿಂದ ನೆಂಟರು ಬಂದಾಗೆಲ್ಲ ಕರ್ಕೊಂಡು ಹೋಗೋ ಜಾಗ ಅದು. ಡೆಬೊರಾ ಗಂಡ ಕಿರಿಯ ಮಗ, ಅವನಿಗೆ ಡ್ಯೂಕ್ ಪಟ್ಟ ಬರೋ ಹಾಗಿರಲಿಲ್ಲ. ಅಣ್ಣ 1944ರಲ್ಲಿ ಯುದ್ಧದಲ್ಲಿ ಸತ್ತ. ಆ ಅಣ್ಣನ ಹೆಂಡತಿ ಅಮೆರಿಕದ ಅಧ್ಯಕ್ಷ ಕೆನಡಿಯ ತಂಗಿ. 1950ರಲ್ಲಿ ಅಪ್ಪ ಸತ್ತಾಗ ಇವನು ಡ್ಯೂಕ್ ಆದ, ಜೊತೆಗೆ ನೂರಕ್ಕೆ ಎಂಬತ್ತರಷ್ಟು ಮರಣ ತೆರಿಗೆ ತಲೆಮೇಲೆ ಬಿತ್ತು. ಅಪ್ಪ ಆಸ್ತಿ ಮೊದಲೇ ಮಗನ ಕಡೆಗೆ ವರ್ಗ ಮಾಡಿದ್ದ, ಐದು ವರ್ಷ ತುಂಬಿದ್ರೆ ತೆರಿಗೆ ಇಲ್ಲ. ಕೆಲವೇ ವಾರ ಬಾಕಿ ಇತ್ತು! ಜಮೀನು, ಚಿತ್ರಗಳು, ಹಾರ್ಡ್‌ವಿಕ್ ಹಾಲ್ ಅನ್ನೋ ಇನ್ನೊಂದು ದೊಡ್ಡ ಮನೆ, ಎಲ್ಲ ತೆರಿಗೆಗೆ ಹೋಯ್ತು. ಚಾಟ್ಸ್‌ವರ್ತ್ ಉಳಿದದ್ದು ಈಕೆಯ ವ್ಯಾಪಾರಬುದ್ಧಿಯಿಂದ ಅಂತ ಇಲ್ಲಿನವರು ಹೇಳ್ತಾರೆ. 1977ರಲ್ಲಿ ಎಸ್ಟೇಟಿನ ಮಾಂಸ, ಬೆಣ್ಣೆ ಮಾರೋಕೆ ಅಂಗಡಿ ತೆಗೆದಳು, ಈಗಲೂ ಭರ್ಜರಿ ನಡೀತಿದೆ. ಕೋಳಿ ಸಾಕೋದು, ಎಲ್ವಿಸ್ ಪ್ರೀಸ್ಲಿ ಹುಚ್ಚು, ಅದೇ ಅವಳ ಲೋಕ.

ಕೋಳಿ ಈ ಮನೆಯ ಎಲ್ಲರಿಗೂ. ಅಮ್ಮ ಮೊಟ್ಟೆ ಮಾರಿ ಗವರ್ನೆಸ್ ಸಂಬಳ ಕೊಡ್ತಿದ್ದಳು. ಪಮೇಲಾಗೆ ಕೋಳಿ, ಅಡುಗೆ, ನಾಯಿ ಬಿಟ್ಟು ಬೇರೆ ಚಿಂತೆ ಇರಲಿಲ್ಲ.

ಕೆಂಪುದಾಸವಾಳ
ಡೆಬೊರಾ 1937ರಲ್ಲಿ ಹಿಟ್ಲರ್ ಮನೆಗೆ ಚಹಾಕ್ಕೆ ಹೋಗಿದ್ದಳು, ಅಮ್ಮ ಮತ್ತು ಯೂನಿಟಿ ಜೊತೆ. ಅದನ್ನೂ ಹೇಳಿ.

ಡರ್ಬಿಶೈರ್‌ನಿಂದ
ಹೌದು, ಹದಿನೇಳು ವರ್ಷದ ಹುಡುಗಿ, ಅಮ್ಮ ಕರ್ಕೊಂಡು ಹೋದಳು. ಜೀವಮಾನವಿಡೀ ಎಲ್ಲ ಅಕ್ಕಂದಿರ ಜೊತೆ ಪತ್ರವ್ಯವಹಾರ ಉಳಿಸಿಕೊಂಡವಳು ಅವಳೊಬ್ಬಳೇ. ಒಬ್ಬಳ ಕಾಗದದಲ್ಲಿದ್ದದ್ದನ್ನ ಇನ್ನೊಬ್ಬಳಿಗೆ ಹೇಳದೆ ಅಷ್ಟು ವರ್ಷ ನಿಭಾಯಿಸಿದಳು. ಅದನ್ನ ಹಗುರವಾಗಿ ನೋಡಬೇಡಿ.

ಮೂರನೇ ಮಗಳು
ನಮ್ಮನೇಲಿ ಆ ಕೆಲಸ ನಂದು. ಸಂಬಳ ಇಲ್ಲ.

ಫಾರ್ಮುಲಾ ಫಣಿ
ಜೆಸಿಕಾ ಸ್ಪೇನಿಗೆ ಓಡಿಹೋದಾಗ ಒಂದು ಲಂಡನ್ ಪತ್ರಿಕೆ ಓಡಿಹೋದದ್ದು ಡೆಬೊರಾ ಅಂತ ತಪ್ಪಾಗಿ ಹಾಕಿ, ಡೆಬೊರಾ ಕೇಸು ಹಾಕಿ ಸಾವಿರ ಪೌಂಡ್ ಗಿಟ್ಟಿಸಿದಳಂತೆ 😂 ಓಡಿಹೋದವಳಿಗೆ ಖರ್ಚು, ಮನೇಲಿದ್ದವಳಿಗೆ ಲಾಭ. ಜೆಸಿಕಾನ ವಾಪಸ್ ಕರ್ಕೊಂಡು ಬರೋಕೆ ಯುದ್ಧನೌಕೆ ಬೇರೆ ಕಳಿಸಿದ್ರು, ಸಾಮಾನ್ಯರ ಮಗಳಾದ್ರೆ ಠಾಣೇಲಿ ದೂರು ಬರ್ಕೊಳ್ಳೋದೂ ಡೌಟು.

ಧಾರವಾಡ ಪೇಡೆ
ಫಣಿ ನಗಸಾಕ ಹೇಳಿದ್ರೂ ನನ್ನ ಮಾತು ಅದನ. ಇಡೀ ಕತಿ ಓದಿದ್ರ ಒಂದ ವಿಚಾರ ಕಾಣತದ. ಇವರು ಏನ ಮಾಡಿದ್ರೂ ಕೆಳಗ ಬಲಿ ಹಾಸಿತ್ತು. ಕರಿ ಅಂಗಿ ಹಾಕ್ಕೊಂಡು ಬೀದ್ಯಾಗ ಬಡಿದಾಡಿದ ಹುಡುಗರ ಹೆಸರು ಯಾರಿಗೂ ನೆನಪಿಲ್ಲ. ಇವರದ ಪುಸ್ತಕ, ಕಾಗದ, ಡೈರಿ ಎಲ್ಲಾ ಅಚ್ಚಾಗ್ಯಾವ. ಯೂನಿಟಿ ವಾಪಸ್ ಬಂದಾಗ ಆಕಿನ್ನ ಒಂದ ದಿನ ಸೈತ ಒಳಗ ಹಾಕಲಿಲ್ಲ. ಇದ ಕೆಲಸ ಮಾಡಿದಾಕಿ ಗಿರಣಿ ಕೂಲಿಕಾರ್ತಿ ಆಗಿದ್ರ? ಮತ್ತ ನಾವು ಈಗ ‘ಅಯ್ಯೋ ಎಂಥ ವಿಚಿತ್ರ ಕುಟುಂಬ, ಎಷ್ಟು ಚಂದ ಕಾಗದ ಬರೀತಿದ್ರು’ ಅಂತ ಕುಂತೀವಿ.

ಹಳೇಪುಸ್ತಕ
ಯೂನಿಟಿ ವಿಷಯದಲ್ಲಿ ಬೇಹುಗಾರಿಕೆಯವರು ತನಿಖೆ ಆಗಬೇಕು ಅಂದಿದ್ದರು. ಗೃಹಸಚಿವ ಒಪ್ಪಲಿಲ್ಲ.

ಧಾರವಾಡ ಪೇಡೆ
ಹಂಗಾದ್ರ ನಾ ಹೇಳಿದ್ದಕ್ಕ ಮುದ್ರಿ ಒತ್ತಿದ್ರಿ.

ಕಡಲತಡಿ
ಇಲ್ಲಿ ನಮ್ಮದೂ ಒಂದು ಉಂಟಲ್ಲ. ಸರೋಜಿನಿ ನಾಯ್ಡು ಅವರ ತವರುಮನೆ. ತಮ್ಮ ವೀರೇಂದ್ರನಾಥ ಬರ್ಲಿನ್‌ನಲ್ಲಿ ಕ್ರಾಂತಿಕಾರಿ, ಆಮೇಲೆ ಕಮ್ಯುನಿಸ್ಟ್, ಸ್ಟಾಲಿನ್ ಕಾಲದಲ್ಲಿ ರಷ್ಯಾದಲ್ಲೇ ಕೊಂದರು. ತಂಗಿ ಸುಹಾಸಿನಿ ಕಮ್ಯುನಿಸ್ಟ್. ಅಕ್ಕ ಗಾಂಧಿ ಜೊತೆ. ಇನ್ನೊಬ್ಬ ತಮ್ಮ ಹರೀಂದ್ರನಾಥನನ್ನು ಮದುವೆಯಾದದ್ದು ನಮ್ಮ ಮಂಗಳೂರಿನ ಕಮಲಾದೇವಿ, ಅವರು ಸಮಾಜವಾದಿ. ಊಟಕ್ಕೆ ಕೂತರೆ ಎಷ್ಟು ಪಕ್ಷ!

ಕೆಂಪುದಾಸವಾಳ
ಅವರೆಲ್ಲ ಬ್ರಿಟಿಷರನ್ನು ಓಡಿಸೋದು ಹೇಗೆ ಅಂತ ಜಗಳಾಡಿದವರು. ಒಬ್ಬರೂ ಬ್ರಿಟಿಷರ ಕಡೆ ಹೋಗಲಿಲ್ಲ. ಮಿಟ್‌ಫರ್ಡ್‌ಗಳ ಜೊತೆ ಸೇರಿಸಬೇಡಿ.

ಕಡಲತಡಿ
ಸೇರಿಸ್ಲಿಲ್ಲ ಮಾರಾಯ್ರೆ, ನೆನಪಾಯ್ತು ಹೇಳಿದೆ. ಕಮಲಾದೇವಿ ಬಗ್ಗೆ ಬೇರೆ ಚರ್ಚೆ ಶುರು ಮಾಡಿ ಯಾರಾದ್ರೂ.

ರಂಗಣ್ಣ ಮೇಷ್ಟ್ರು
ತಂದೆತಾಯಿ ಏನಾದರು ಅಂತ ಕೇಳಬೇಕು. ಯುದ್ಧ ಸಾರಿದ ಕೂಡಲೇ ತಂದೆ ನಾನು ತಿಳಿದದ್ದು ತಪ್ಪು ಅಂತ ಪತ್ರಿಕೆಯಲ್ಲಿ ಹೇಳಿದ. ತಾಯಿ ಹಿಟ್ಲರ್ ಒಳ್ಳೆಯವನೇ ಅಂತ ಹಟ ಹಿಡಿದಳು. ಆ ಜಗಳದಲ್ಲಿ ಸಂಸಾರವೇ ಒಡೆಯಿತು. ತಾಯಿ ಸ್ಕಾಟ್‌ಲೆಂಡ್ ಪಕ್ಕದ ಇಂಚ್‌ಕೆನೆತ್ ದ್ವೀಪದಲ್ಲಿ, ತಂದೆ ನಾರ್ದಂಬರ್‌ಲೆಂಡಿನಲ್ಲಿ. ತಂದೆ ಸಾಯುವಾಗ ಉಯಿಲಿನಲ್ಲಿ ಮಕ್ಕಳಿಗೆ ಕೊಟ್ಟ ಕಡೆಯೆಲ್ಲ ‘ಜೆಸಿಕಾ ಹೊರತು’ ಅಂತ ಬರೆಸಿದ. ಹಿಟ್ಲರ್ ಮನೆಗೆ ಹೋಗಿಬಂದ ಮಗಳಿಗೆ ಪಾಲು ಉಂಟು, ಕಮ್ಯುನಿಸ್ಟ್ ಮಗಳಿಗೆ ಇಲ್ಲ.

ಕೆಂಪುದಾಸವಾಳ
ಮೇಷ್ಟ್ರ ಬಾಯಿಂದಲೇ ಬಂತು!

ಹಿತ್ತಲಮನೆ
ಇಂಚ್‌ಕೆನೆತ್ ಕತೆ ಇನ್ನೂ ಮಜಾ. ಆ ದ್ವೀಪ ಟಾಮ್ ಹೆಸರಲ್ಲಿತ್ತು, ಉಯಿಲು ಬರೆಯದೆ ಸತ್ತ. ಸ್ಕಾಟ್‌ಲೆಂಡ್ ಕಾನೂನಿನಲ್ಲಿ ಅಕ್ಕತಂಗಿಯರಿಗೆ ಸಮಪಾಲು. ಜೆಸಿಕಾ ತನ್ನ ಆರನೇ ಒಂದು ಪಾಲನ್ನು ಕಮ್ಯುನಿಸ್ಟ್ ಪಕ್ಷಕ್ಕೆ ಕೊಡ್ತೀನಿ ಅಂತ ಹೊರಟಳು! ಕಡೆಗೆ ಮಾಡಿದ್ದೇನು? ಬೇರೆಯವರ ಪಾಲನ್ನೂ ಕೊಂಡುಕೊಂಡು ತಾನೇ ದ್ವೀಪದ ಒಡತಿಯಾದಳು.

ಫಾರ್ಮುಲಾ ಫಣಿ
ಕಾಮ್ರೇಡ್ ಕೈಲಿ ಖಾಸಗಿ ದ್ವೀಪ. @ಕೆಂಪುದಾಸವಾಳ ಈಗೇನಂತೀರಾ ಅಕ್ಕ?

ಕೆಂಪುದಾಸವಾಳ
ಅಕ್ಕ ಅಲ್ಲ, ಅಣ್ಣ. 1963ರಲ್ಲಿ ಅಮೆರಿಕದ ಶವಸಂಸ್ಕಾರ ಉದ್ಯಮದ ಸುಲಿಗೆ ಬಯಲು ಮಾಡಿ ಬರೆದ ಪುಸ್ತಕ ಚೆನ್ನಾಗಿ ಮಾರಾಟವಾಯ್ತು. ಸ್ವಂತ ದುಡಿಮೆ. ಬೇಕಾದ್ರೆ ದ್ವೀಪ ತಗೊಳ್ಳಲಿ ಬಿಡಿ.

ಮೂರನೇ ಮಗಳು
ಡಯಾನಾ ಮತ್ತು ಜೆಸಿಕಾ ಮತ್ತೆ ಭೇಟಿ ಆಗಲೇ ಇಲ್ವಾ?

ಹಳೇಪುಸ್ತಕ
1973ರಲ್ಲಿ, ವರ್ಸೇಲ್ಸ್‌ನಲ್ಲಿ ನ್ಯಾನ್ಸಿ ಹಾಸಿಗೆ ಪಕ್ಕ. ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ. ರಾಜಕೀಯ ಎತ್ತಲಿಲ್ಲ, ರೋಗಿಯ ಬಗ್ಗೆ, ತೋಟದ ಬಗ್ಗೆ ಮಾತಾಡಿದರು. ನ್ಯಾನ್ಸಿ ತೀರಿಕೊಂಡ ಮೇಲೆ ಮತ್ತೆ ಹಳೆಯ ಹಾಗೇ. 1976ರಲ್ಲಿ ಯೂನಿಟಿ ಜೀವನಚರಿತ್ರೆ ಬಂದಾಗ, ಮನೆಯ ಹಳೆ ಫೋಟೋ ಆಲ್ಬಂ ಕದ್ದು ಲೇಖಕನಿಗೆ ಕೊಟ್ಟವಳು ಜೆಸಿಕಾ ಅಂತ ಪಮೇಲಾ ಆರೋಪ ಹಾಕಿದಳು. ಹಿಟ್ಲರ್, ಸ್ಟಾಲಿನ್ ದಾಟಿ ಬಂದವರು ಆಲ್ಬಂಗೆ ಮಾತು ಬಿಟ್ಟರು. ಆ ಆಲ್ಬಂ ಆಮೇಲೆ ಚಾಟ್ಸ್‌ವರ್ತ್‌ನಲ್ಲೇ ಸಿಕ್ಕಿತು.

ಸುಮ್ನೆ_ನೋಡ್ತಿದೀನಿ
ಇದು ಮಾತ್ರ ಪಕ್ಕಾ ನಮ್ಮನೆ ಕತೆ.

ಧಾರವಾಡ ಪೇಡೆ
ಹಿತ್ತಲಮನಿಯವ್ರ, ಎಲ್ಲಾರ್ನೂ ಕೇಳಿದ್ರಿ. ನೀವು ಹೇಳ್ತಿದ್ರೋ ಇಲ್ಲೋ?

ಹಿತ್ತಲಮನೆ
ಹೇಳ್ತಿದ್ದೆ ಅನ್ಸುತ್ತೆ. ಆದ್ರೆ ಅವಳು ಹೊರಗೆ ಬಂದ ದಿನವೇ ಹೋಗಿ, ಹೇಳಿದ್ದು ನಾನೇ ಅಂತಲೂ ಹೇಳ್ತಿದ್ದೆ. ಬಾಗಿಲು ಮುಖಕ್ಕೆ ಹಾಕಿದ್ರೆ ಹಾಕಲಿ.

ಕಡಲತಡಿ
ಸುಮ್ಮನೆ ಹೇಳುದು. ನೀವೂ ಹೇಳ್ಲಿಕ್ಕಿಲ್ಲ, ನಾನೂ ಹೇಳ್ಲಿಕ್ಕಿಲ್ಲ.

ಮೂರನೇ ಮಗಳು
ಇವರ ಬಗ್ಗೆ ಓದಬೇಕು ಅಂದ್ರೆ ಎಲ್ಲಿಂದ ಶುರು ಮಾಡಲಿ? ಕಾದಂಬರಿ ಬೇಡ.

ಹಳೇಪುಸ್ತಕ
ಆರು ಜನ ಒಬ್ಬರಿಗೊಬ್ಬರು ಬರೆದ ಪತ್ರಗಳ ಸಂಪುಟದಿಂದ. ಉಳಿದಿದ್ದ ಸುಮಾರು 12,000 ಪತ್ರಗಳಲ್ಲಿ ನೂರಕ್ಕೆ ಐದರಷ್ಟು ಅಚ್ಚಾಗಿವೆ. ಓದುವಾಗ ಒಂದು ನೆನಪಿರಲಿ, ಆರಿಸಿ ಸಂಪಾದಿಸಿದವರು ಡಯಾನಾಳ ಸೊಸೆ.

ಧಾರವಾಡ ಪೇಡೆ
ಹಂಗಾದ್ರ ಉಳದ ತೊಂಬತ್ತೈದು ಮೊದಲು ತಗಸ್ರಿ.